ನಾಯಿಯನ್ನು ಅಟ್ಟಿದ ಮೊಲ: ಗಡಿಸೀಮೆಯ ಒಂದು ಐತಿಹ್ಯದ ಮರು ಓದು

ಆದೋನಿ, ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡಿಗರಿಗೆ ಹೊಸದಲ್ಲದ ಕಥೆಯೊಂದು ನನ್ನ ವಿಷಯ. ಬೇಟೆಗೆ ಹೋದ ಹಕ್ಕ-ಬುಕ್ಕರ ನಾಯಿಗಳನ್ನು ತುಂಗಭದ್ರೆಯ ದಡದಲ್ಲಿ ಮೊಲವೊಂದು ತಿರುಗಿ ಅಟ್ಟಿತು. ಇದು ಗಂಡುಮೆಟ್ಟಿದ ನೆಲ, ಇಲ್ಲೇ ಪಟ್ಟಣ ಕಟ್ಟಿ ಎಂದು ವಿದ್ಯಾರಣ್ಯರು ಹೇಳಿದರು. 16ನೇ ಶತಮಾನದಲ್ಲೇ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್ ಇದನ್ನು ಬರೆದಿಟ್ಟಿದ್ದಾನೆ. ಅವನಲ್ಲಿ ರಾಜನ ಹೆಸರು ಬೇರೆ, ಮೊಲ ನಾಯಿಗಳನ್ನು ಕಚ್ಚುತ್ತದೆ. ಕಥೆಯ ಮೈಕಟ್ಟು ಇದೇ.

ನಾವು ಇದನ್ನು ‘ನೆಲದ ಗುಣ’ದ ಕಥೆಯಾಗಿ ಓದುತ್ತೇವೆ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಆಚೆ ಉಳಿದವರಿಗೆ ‘ನಮ್ಮ ನೆಲವೂ ಅದೇ ನೆಲ’ ಅನ್ನೋಕೆ ಇಂಥ ಓದು ಅನುಕೂಲ. ಆದರೆ ಇದೇ ಕಥೆಯನ್ನು ತಮಿಳರು ಕಟ್ಟಬೊಮ್ಮನ ಪಾಂಚಾಲಂಕುರಿಚಿಗೆ ಹೇಳುತ್ತಾರೆ, ಗುಜರಾತಿಗಳು ಅಹಮದಾಬಾದಿಗೆ ಹೇಳುತ್ತಾರೆ. ಹಾಗಿದ್ದ ಮೇಲೆ ಇದು ಯಾವ ಒಂದು ನೆಲಕ್ಕೂ ದಸ್ತಾವೇಜು ಆಗಲಾರದು. ಕಥೆಯನ್ನು ಹಕ್ಕುಪತ್ರದ ಹಾಗೆ ಓದೋದನ್ನು ಬಿಟ್ಟರೆ ಏನು ಉಳಿಯುತ್ತೆ? ಮೊಲ ಉಳಿಯುತ್ತೆ ಅನ್ನೋದು ನನ್ನ ವಾದ.

ನಮ್ಮ ಬಯಲಿನ ಮೊಲ ಬಿಲ ತೋಡುವ ಪ್ರಾಣಿಯಲ್ಲ. ಹುಲ್ಲು ಒತ್ತಿ ಮಾಡಿಕೊಂಡ ಸಣ್ಣ ತಗ್ಗಿನಲ್ಲಿ ಅಲುಗಾಡದೆ ಕೂತಿರುತ್ತದೆ. ತೀರಾ ಹತ್ತಿರ ಹೋದಾಗ ಚಿಮ್ಮಿ, ಅಂಕುಡೊಂಕಾಗಿ ಓಡುತ್ತದೆ. ಮುಧೋಳದಂಥ ತೆಳು ಮೈಯ ಬೇಟೆನಾಯಿ ಅದನ್ನು ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದಲೇ ಹಿಂಬಾಲಿಸುತ್ತದೆ. ಇಷ್ಟು ಗೊತ್ತಿರುವ ಕೇಳುಗನಿಗೆ ಮಾತ್ರ ‘ಮೊಲ ತಿರುಗಿ ನಿಂತಿತು’ ಅನ್ನೋ ಮಾತು ಬೆರಗು ಹುಟ್ಟಿಸುತ್ತದೆ. ಅಂದರೆ ಅರಮನೆಯ ಕಥೆ ನಿಂತಿರೋದು ಬೇಟೆಗಾರನ ತಿಳಿವಳಿಕೆಯ ಮೇಲೆ. ಪಟ್ಟಣ ಕಟ್ಟಿದ ಮೇಲೆ ಮೊಲವೂ ಇಲ್ಲ, ಬೇಟೆಗಾರನೂ ಇಲ್ಲ.

ಇದರ ಪಕ್ಕ ಆತಕೂರಿನ ವೀರಗಲ್ಲನ್ನು ಇಟ್ಟು ನೋಡೋಣ. 10ನೇ ಶತಮಾನದ ಮಧ್ಯಭಾಗದ ಆ ಕಲ್ಲಿನಲ್ಲಿ ನಾಯಿಗೆ ಹೆಸರಿದೆ: ಕಾಳಿ. ಅದು ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಅಲ್ಲಿ ಪ್ರಾಣಿಗಳು ಯಾವ ರಾಜ್ಯಕ್ಕೂ ಶಕುನವಲ್ಲ. ಸಾವಿಗೆ ಸಾವೆಂದೇ ಲೆಕ್ಕ. ಐತಿಹ್ಯ ಮರೆತದ್ದನ್ನು ಶಾಸನ ನೆನಪಿಟ್ಟುಕೊಂಡಿದೆ.

ಇನ್ನು ಸಂಖ್ಯೆಯ ಪ್ರಶ್ನೆ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ರಾಜ ಬೇಟೆಗೆ ಹೊರಡೋದು ಮೃಗಗಳು ಹೆಚ್ಚಿ ಬೆಳೆ ಹಾಳಾದದ್ದರಿಂದ. ಆ ಹೆಚ್ಚಳಕ್ಕೆ ಕಾವ್ಯ ಕೊಡುವ ಕಾರಣ ವಿಶ್ವಾಮಿತ್ರನ ಮಾಯೆ. ಹೊಲದವರು ಕೊಡುವ ಕಾರಣ ಮಳೆ. ಮಳೆ ಚೆನ್ನಾಗಿ ಬಿದ್ದರೆ ಚಿಗುರೂ ಹೆಚ್ಚು, ಮರೆಯೂ ಹೆಚ್ಚು. ಮೊಲ ವರ್ಷದ ಬಹುಪಾಲು ಮರಿ ಹಾಕಬಲ್ಲದು. ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈಮೇಲೆ ಕೂದಲಿರುತ್ತದೆ.

ಕೆನಡಾದ ಹಿಮಮೊಲ ಸುಮಾರು 10 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ ಅಂತ ಪಠ್ಯಪುಸ್ತಕದಲ್ಲಿ ಓದಿರ್ತೀವಿ. ಅದಕ್ಕೆ ಮುಖ್ಯ ಆಧಾರ ಹಡ್ಸನ್ಸ್ ಬೇ ಕಂಪನಿಯ ತುಪ್ಪಳದ ಲೆಕ್ಕಪುಸ್ತಕಗಳು. ಅಲ್ಲಿ ವ್ಯಾಪಾರ ಇತ್ತು, ಹಾಗಾಗಿ ದಾಖಲೆ ಇತ್ತು. ಅಂಥ ಲೆಕ್ಕಪುಸ್ತಕ ಇಲ್ಲದ ಕಡೆ ‘ಈ ಸಲ ಮೊಲ ಜಾಸ್ತಿ’ ಅನ್ನೋ ಬಾಯಿಮಾತೇ ದಾಖಲೆ. ಆದರೆ ಎರಡನ್ನೂ ಹಾಗೇ ನಂಬೋ ಹಾಗಿಲ್ಲ. ತುಪ್ಪಳದ ಲೆಕ್ಕ ಬೆಲೆಯನ್ನೂ ಬೇಟೆಗಾರರ ಸಂಖ್ಯೆಯನ್ನೂ ಅವಲಂಬಿಸಿದ್ದು. ನಮ್ಮಲ್ಲಿ ಕಟಾವಾದ ಮೇಲೆ ಮರೆ ಹೋಗಿ ಅಷ್ಟೇ ಮೊಲ ಹೆಚ್ಚಾಗಿ ಕಾಣುತ್ತವೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಗಾದೆ ಹಟವಾದಿಯನ್ನು ಮಾತ್ರ ಕುರಿತದ್ದಲ್ಲ. ಮೊಲದ ಬಗ್ಗೆ ನಮಗೆ ಸಿಗೋ ಮಾತೆಲ್ಲ ಹಿಡಿದವನ ಮಾತು ಅನ್ನೋ ಎಚ್ಚರವೂ ಅದರಲ್ಲಿದೆ.

ಹಾಗಾದರೆ ಗಡಿಯ ಜಾನಪದ ಸಂಗ್ರಹಕ್ಕೆ ಇದರಿಂದ ಏನು? ವೀರಭೂಮಿಯ ಕಥೆಯನ್ನೇ ಮತ್ತೆ ಮತ್ತೆ ದಾಖಲಿಸಿದರೆ ಹೆಮ್ಮೆ ಸಿಗುತ್ತದೆ. ಮೊಲದ ಜಾಡು, ನಾಯಿಯ ತಳಿ, ಮಳೆಯ ಲೆಕ್ಕದ ಮಾತುಗಳನ್ನು ಕೇಳದೆ ಹೋದರೆ ಭಾಷೆಯ ಒಂದು ಪದರವೇ ಹೋಗುತ್ತದೆ. ತೆಲುಗು ಶಾಲೆಯಲ್ಲಿ ಓದುವ ಮಗುವಿಗೆ ಹಕ್ಕ-ಬುಕ್ಕರ ಕಥೆ ಪುಸ್ತಕದಿಂದಲೂ ಸಿಗಬಹುದು, ಈ ಮಾತುಗಳು ಮನೆಯಿಂದ ಮಾತ್ರ ಸಿಗಬೇಕು.

ಪ್ರಶ್ನೆ (ಅಧ್ಯಾಪಕರೊಬ್ಬರು): ಮೊಲದ ಬೇಟೆ ಇವತ್ತು ಅಪರಾಧ. ಈ ಸಂಗ್ರಹ ಅದನ್ನು ವೈಭವೀಕರಿಸಿದ ಹಾಗಾಗಲ್ವಾ?

ಉತ್ತರ: ಆ ಅಪಾಯ ಇದೆ, ಸರ್. 1972ರ ಕಾಯ್ದೆಯನ್ನು ನಾನು ಪ್ರಶ್ನಿಸ್ತಿಲ್ಲ. ಆದರೆ ವೈಭವೀಕರಣ ಈಗಾಗಲೇ ನಡೆದಿದೆ. 2005ರಲ್ಲಿ ಮುಧೋಳ ನಾಯಿಗೆ ಅಂಚೆಚೀಟಿ ಬಂತು. ಅದರ ಮೈಕಟ್ಟನ್ನು ರೂಪಿಸಿದ ಮೊಲವನ್ನು ಯಾರೂ ಕೇಳಲಿಲ್ಲ. ಮಡಕಶಿರಾಕ್ಕೆ ಹೊಂದಿಕೊಂಡ ತುಮಕೂರು, ಚಿತ್ರದುರ್ಗ ಕಡೆಯ ಕೆಲವು ಹಳ್ಳಿಗಳಲ್ಲಿ ಸಂಕ್ರಾಂತಿಗೆ ಮೊಲವನ್ನು ಜೀವಂತ ಹಿಡಿದು, ಪೂಜೆ ಮಾಡಿ, ಮತ್ತೆ ಬಿಡುವ ಪದ್ಧತಿ ಇದೆ. ಕಾಯ್ದೆಯ ಕಣ್ಣಿಗೆ ಹಿಡಿಯೋದೂ ತಪ್ಪೇ. ಆದರೂ ಆ ಆಚರಣೆಯಲ್ಲಿ ಮೊಲ ಯಾರಿಗೂ ರಾಜ್ಯ ಕೊಡಬೇಕಾಗಿಲ್ಲ, ನಾಯಿಯನ್ನು ಅಟ್ಟಬೇಕಾಗೂ ಇಲ್ಲ. ಬಿಟ್ಟ ಮೇಲೆ ಓಡಿದರೆ ಸಾಕು. ವಿಮರ್ಶೆ ಐತಿಹ್ಯದ ಮೊಲದ ಜೊತೆಗೆ ಈ ಮೊಲವನ್ನೂ ಓದಬೇಕು ಅನ್ನೋದಷ್ಟೇ ನನ್ನ ಕೋರಿಕೆ.