ವಸೂಲಿ ಪಂಥದವರಿಗೆ ಒಂದು ತಾಟು

ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕಬೇಕೋ ತೊಗರಿಬೇಳೆ ಹಾಕಬೇಕೋ ಎಂಬ ಜಗಳವನ್ನು ಈ ವಾರ ಮುಗಿಸುತ್ತೇನೆಂದು ಮಾತು ಕೊಟ್ಟಿದ್ದೆ. ಮುಗಿಸುವುದಿಲ್ಲ. ಸಾಲಿಗೆ ಸೂಟಿ ಬಿಟ್ಟಿದೆ, ಅಂಗಳದ ಶಹಾಬಾದಿ ಪರ್ಸಿ ರೊಟ್ಟಿ ಹಂಚಿನಂತೆ ಕಾದಿದೆ, ಭಂಕೂರಿನಿಂದ ವಾಡಿವರೆಗೆ ಮಕ್ಕಳಿದ್ದ ಮನೆಗಳಲ್ಲೆಲ್ಲ ಒಂದೇ ಚರ್ಚೆ ನಡೆದಿದೆ: ಹೈದರಾಬಾದಿನ ಪಾರ್ಕಿಗೆ ಟಿಕೆಟ್ ತೆಗೆಸುವಾಗ ಊಟವನ್ನೂ ಸೇರಿಸಿ ತೆಗೆಸಬೇಕೋ ಬೇಡವೋ? ಊಟದ ಅಂಕಣ ಬರೆಯುವವನು ಇದಕ್ಕೆ ಉತ್ತರ ಹೇಳದಿದ್ದರೆ ಇನ್ನು ಯಾರು ಹೇಳಬೇಕು?

ಬೆಂಗಳೂರಿನ ಓದುಗರಿಗೆ ಒಂದು ಮಾತು. ನಮಗೆ ಪಾರ್ಕು ಎಂದರೆ ಬಿಡದಿಯಲ್ಲ. ಅಲ್ಲಿ ವಂಡರ್‌ಲಾ 2005ರಲ್ಲಿ ಬಂತು, 2012ರಲ್ಲಿ ಪಕ್ಕದಲ್ಲೇ ಅದರ ರೆಸಾರ್ಟೂ ಬಂತು. ಆದರೆ ಇಲ್ಲಿಂದ ಬೆಂಗಳೂರು ಹೈದರಾಬಾದಿಗಿಂತ ಸುಮಾರು ಮೂರು ಪಟ್ಟು ದೂರ. ವಾಡಿಯಲ್ಲಿ ರೈಲು ಹತ್ತಿದರೆ ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಮಧ್ಯಾಹ್ನದೊಳಗೆ ಹೈದರಾಬಾದು. ಅಲ್ಲಿ 1996ರಿಂದ ರಾಮೋಜಿ ಫಿಲ್ಮ್ ಸಿಟಿ ಇದೆ, 2016ರಿಂದ ರಾವಿರ್ಯಾಲದಲ್ಲಿ ವಂಡರ್‌ಲಾ ಇದೆ. 1956ರ ನವೆಂಬರ್ 1ಕ್ಕೆ ನಮ್ಮ ರಾಜ್ಯ ಬದಲಾಯಿತು. ಮದುವೆ ಜವಳಿ, ದೊಡ್ಡ ದವಾಖಾನೆ, ಮಕ್ಕಳ ಮೋಜು ಇವುಗಳ ದಾರಿ ಬದಲಾಗಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಇಂಥ ಬಹುತೇಕ ಪಾರ್ಕುಗಳಲ್ಲಿ ಹೊರಗಿನ ತಿಂಡಿಯನ್ನು ಬಾಗಿಲಲ್ಲೇ ತಡೆಯುತ್ತಾರೆ. ಬುತ್ತಿ ಒಳಗೆ ಹೋಗದು. ಹೀಗೆ ಬುತ್ತಿ ಬಿಡಿಸಿದವರೇ ಒಳಗಿನ ಊಟದ ದರ ಗೊತ್ತುಮಾಡುತ್ತಾರೆ, ಆಮೇಲೆ ಆ ದರದಲ್ಲಿ ಇಷ್ಟು ಬಿಡುತ್ತೇವೆ, ಟಿಕೆಟ್ಟಿನ ಜೊತೆಗೇ ತಗೊಳ್ಳಿ ಎನ್ನುತ್ತಾರೆ. ರಿಯಾಯಿತಿ ಸುಳ್ಳಲ್ಲ. ಆದರೆ ಅದನ್ನು ಅಳೆದ ಸೇರೂ ಅವರದೇ. ಆದ್ದರಿಂದ ಕೂಪನ್ನಿನ ದರವನ್ನು ಒಳಗಿನ ಹಲಗೆಯ ಮೇಲೆ ಬರೆದ ದರಕ್ಕೆ ಹೋಲಿಸಬೇಡಿ. ಕೂಪನ್ ಇಲ್ಲದಿದ್ದರೆ ನೀವು ನಿಜಕ್ಕೂ ಏನು ಕೊಂಡು ತಿನ್ನುತ್ತಿದ್ದಿರೋ ಅದಕ್ಕೆ ಹೋಲಿಸಿ. ಬಿಸಿಲಲ್ಲಿ ನೀರಾಟ ಆಡುವ ಹತ್ತು ವರ್ಷದ ಹುಡುಗ ಮಧ್ಯಾಹ್ನ ಕೇಳುವುದು ಒಂದು ದೋಸೆ, ಒಂದು ಐಸ್‌ಕ್ರೀಮು. ಅವನಿಗಾಗಿ ಬಗೆಬಗೆ ಭಕ್ಷ್ಯಗಳ ಬುಫೆ ಕೊಂಡವರು ಇಪ್ಪತ್ತು ಪರ್ಸೆಂಟ್ ಉಳಿಸಿದೆವು ಎಂದು ಹೇಳಿಕೊಳ್ಳುತ್ತಾರೆ.

ಈ ವಿದ್ಯೆಯ ಗುರುಪೀಠ ಅಮೆರಿಕದ ಓರ್ಲ್ಯಾಂಡೋದಲ್ಲಿದೆ. ಅಲ್ಲಿನ ಡಿಸ್ನಿ ವರ್ಲ್ಡಿನ ಹೋಟೆಲುಗಳಲ್ಲಿ ಉಳಿಯುವವರಿಗೆ ಡೈನಿಂಗ್ ಪ್ಲಾನ್ ಎಂಬುದೊಂದಿದೆ. 2020ರಲ್ಲಿ ಕೋವಿಡ್ ಹೊತ್ತಿಗೆ ನಿಂತದ್ದು 2024ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಆಗಿನ ದರ ದೊಡ್ಡವರಿಗೆ ರಾತ್ರಿಯೊಂದಕ್ಕೆ ಸುಮಾರು 57 ಡಾಲರ್, ಕುಳಿತು ಉಣ್ಣುವ ಊಟವೂ ಸೇರಿದರೆ ಸುಮಾರು 94. ದುಡ್ಡು ಕೊಟ್ಟರೆ ಇಷ್ಟು ಊಟ, ಇಷ್ಟು ತಿಂಡಿ ಎಂದು ಲೆಕ್ಕ ಬರೆದುಕೊಳ್ಳುತ್ತಾರೆ. ಟಿಪ್ಸ್ ಬೇರೆ. ಉಣ್ಣದೆ ಉಳಿದದ್ದು ಕೋಣೆ ಬಿಡುವ ದಿನದ ಮಧ್ಯರಾತ್ರಿಗೆ ರದ್ದು. ಕೆಲವು ಸಲ ಈ ಪ್ಲಾನನ್ನು ಪುಕ್ಕಟೆ ಕೊಡುವುದೂ ಉಂಟು. ಆಗ ಕೋಣೆಗೆ ಮಾತ್ರ ರಿಯಾಯಿತಿ ಇಲ್ಲದ ಪೂರ್ತಿ ಬಾಡಿಗೆ.

ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದಾರೆ. ಬೇಸಿಗೆಗೆ ಅಪ್ಪ-ಅವ್ವನನ್ನು ಕರೆಸಿಕೊಂಡು ಓರ್ಲ್ಯಾಂಡೋ ತೋರಿಸುತ್ತಾರೆ. ಅವರೆಲ್ಲ ಗಮನಿಸಬೇಕಾದ ಸಂಗತಿ ಇದು: ಕುಳಿತು ಉಣ್ಣುವ ಊಟ ಒಂದನ್ನು ಕಳೆಯುವಾಗ ನಿಮ್ಮೆದುರು ಇರುವುದು ದನದ ಮಾಂಸದ ಸ್ಟೇಕೋ ಟೊಮೆಟೊ ಪಾಸ್ತಾವೋ ಎಂದು ಯಾರೂ ನೋಡುವುದಿಲ್ಲ. ಎರಡಕ್ಕೂ ಒಂದೇ ಕಡಿತ. ಅಂದಮೇಲೆ ಶಾಕಾಹಾರಿ ಅಪ್ಪ-ಅವ್ವ ಪಕ್ಕದ ಮೇಜಿನವರ ಸ್ಟೇಕಿಗೆ ದುಡ್ಡು ಕೂಡಿಸಿದಂತಾಯಿತು. ಹೈದರಾಬಾದಿನಲ್ಲೂ ಒಂದೇ ದರದ ಬುಫೆ ಇದ್ದಲ್ಲಿ ಇದೇ ನಡೆಯುತ್ತದೆ. ಲಿಂಗಾಯತರ ಮನೆಯವರು ಬೇಳೆ, ಪನೀರು ಉಂಡು ಏಳುತ್ತಾರೆ, ಅವರ ಕೂಪನ್ನಿನ ಬಲದಿಂದ ಬೇರೆ ಯಾರೋ ಮೂರನೆಯ ಸಲ ಬಿರಿಯಾನಿ ಬಡಿಸಿಕೊಳ್ಳುತ್ತಾರೆ. ಸಸ್ಯಾಹಾರಿಗಳಿಗೆ ಬೇರೆ ದರ ಇಲ್ಲದ ಪ್ಯಾಕೇಜನ್ನು ನಮ್ಮವರು ಕೊಳ್ಳಬಾರದು. ಇದರಲ್ಲಿ ವಾದಕ್ಕೆ ಜಾಗವಿಲ್ಲ.

ವಾದ ಇರುವುದು ವಸೂಲಿ ಪಂಥದವರ ಜೊತೆ. ಈ ಅಂಕಣದ ಹಳೆಯ ಓದುಗರಿಗೆ ಅವರ ಪರಿಚಯ ಮಾಡಿಕೊಡಬೇಕಿಲ್ಲ. ಕೊಟ್ಟ ದುಡ್ಡು ತಿಂದೇ ತೀರಿಸಬೇಕು ಎನ್ನುವವರು ಅವರು. ಬುಫೆಗೆ ಹೋಗುವ ದಿನ ಬೆಳಗಿನ ನಾಷ್ಟಾ ಬಿಡುತ್ತಾರೆ. ಅನ್ನ, ನಾನ್ ಕಡೆ ತಿರುಗಿಯೂ ನೋಡಬಾರದು, ನೇರ ಪನೀರು, ಗುಲಾಬ್ ಜಾಮೂನಿಗೆ ಕೈ ಹಾಕಬೇಕು ಎಂದು ಮಕ್ಕಳಿಗೆ ಪಾಠ ಹೇಳುತ್ತಾರೆ. ಉಂಡು ಮುಗಿಸಿ ಜಾರುಬಂಡಿ ಹತ್ತಲಾರದೆ ಬೆಂಚಿನ ಮೇಲೆ ಒರಗುತ್ತಾರೆ. ಟಿಕೆಟ್ಟಿಗೆ ಕೊಟ್ಟದ್ದು ಹೊಟ್ಟೆಯ ಭಾರಕ್ಕೆ ಹೋಯಿತು ಎಂಬುದು ಅವರ ಲೆಕ್ಕದ ಪುಸ್ತಕದಲ್ಲಿ ಬರುವುದೇ ಇಲ್ಲ.

ಇವರ ಸ್ವಭಾವವನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1985ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಒಹಾಯೊ ವಿಶ್ವವಿದ್ಯಾಲಯದ ನಾಟಕಶಾಲೆಯಲ್ಲಿ ಇಡೀ ಋತುವಿನ ಪಾಸು ಕೊಳ್ಳಲು ಬಂದ ಕೆಲವರಿಗೆ 15 ಡಾಲರಿನ ಪೂರ್ತಿ ದರ ಹಾಕಿದರು, ಕೆಲವರಿಗೆ 2 ಡಾಲರ್, ಕೆಲವರಿಗೆ 7 ಡಾಲರ್ ಬಿಟ್ಟುಕೊಟ್ಟರು. ಯಾರಿಗೆ ಯಾವ ದರ ಎಂಬುದು ಅದೃಷ್ಟದ ಮೇಲೆ. ನಾಟಕ ಎಲ್ಲರಿಗೂ ಒಂದೇ, ಕೊಟ್ಟ ದುಡ್ಡು ಯಾರಿಗೂ ತಿರುಗಿ ಬರುವುದಿಲ್ಲ. ಆದರೂ ಪೂರ್ತಿ ಕೊಟ್ಟವರು ಋತುವಿನ ಮೊದಲರ್ಧದಲ್ಲಿ ಹೆಚ್ಚು ನಾಟಕ ನೋಡಿದರು. ಉಳಿದರ್ಧದಲ್ಲಿ ಆ ವ್ಯತ್ಯಾಸ ಕರಗಿತು. ಕೊಟ್ಟ ದುಡ್ಡಿನ ನೋವು ಇರುವಷ್ಟು ದಿನ ಮಾತ್ರ ಕಾಲು ತಾನಾಗಿ ನಡೆಯಿತು.

ಇದನ್ನು ತಿಳಿಯಲು ಒಹಾಯೊಗೆ ಹೋಗಬೇಕಿರಲಿಲ್ಲ. ಕಲಬುರಗಿಯಲ್ಲಿ ತಿಂಗಳ ಲೆಕ್ಕದ ಖಾನಾವಳಿ ನಡೆಸುವ ಯಾವ ಅವ್ವನನ್ನು ಕೇಳಿದರೂ ಹೇಳುತ್ತಾಳೆ. ತಿಂಗಳ ಮೊದಲ ವಾರ ಕಾಲೇಜು ಹುಡುಗರು ಒಂದು ಹೊತ್ತೂ ತಪ್ಪಿಸುವುದಿಲ್ಲ, ಕೊನೆಯ ವಾರ ಮಿರ್ಚಿ-ಸುಸಲಾ ತಿಂದು ಹೊರಗೇ ಉಳಿಯುತ್ತಾರೆ. ಆದರೆ ಅವಳ ಲೆಕ್ಕದಲ್ಲಿ ಒಂದು ಮರ್ಯಾದೆ ಇದೆ. ಊರಿಗೆ ಹೋಗುತ್ತೇನೆಂದು ಮೊದಲೇ ಹೇಳಿದರೆ ಆ ದಿನಗಳನ್ನು ಕಳೆಯುತ್ತಾಳೆ. ಪಾರ್ಕಿನ ಕೂಪನ್ನು ಸಂಜೆಗೆ ಬರೀ ಕಾಗದ.

ಖಾನಾವಳಿಯ ಮಾತು ಬಂದಿತಲ್ಲ, ಇನ್ನು ಪಾರ್ಕು ಸ್ವಲ್ಪ ಕಾಯಲಿ. ಹೊಟ್ಟೆ ತುಂಬ ಊಟ, ಒಂದೇ ದರ ಎಂಬುದನ್ನು ಅಮೆರಿಕದವರು ಕಂಡುಹಿಡಿದರೆಂದು ನಂಬುವವರು ವಾಡಿ ಜಂಕ್ಷನ್ ಸುತ್ತ ಲಾರಿ ಡ್ರೈವರುಗಳು ಉಣ್ಣುವುದನ್ನು ನೋಡಿಲ್ಲ. ಸಿಮೆಂಟಿನ ಧೂಳು ತೊಳೆದುಕೊಂಡು ಬಂದು ಕೂತವನಿಗೆ ಎಣ್ಣೆಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು, ಕಡೆಗೆ ಅನ್ನ-ಸಾರು. ರೊಟ್ಟಿಗೆ ಎಣಿಕೆಯಿಲ್ಲ. ಹಾಗಿದ್ದೂ ಖಾನಾವಳಿ ಏಕೆ ಮುಳುಗುವುದಿಲ್ಲ?

ಉತ್ತರ ಹಂಚಿನ ಮೇಲಿದೆ. ಜೋಳದ ಬಿಸಿರೊಟ್ಟಿಯನ್ನು ಒಂದೊಂದಾಗಿ ಬಡಿಯಬೇಕು, ನೀರು ಸವರಿ ಮಗುಚಬೇಕು, ಕೆಂಡಕ್ಕೆ ತೋರಿಸಿ ಉಬ್ಬಿಸಬೇಕು. ಬಡಿಯುವ ಕೈಯ ವೇಗವೇ ಉಣ್ಣುವ ಬಾಯಿಯ ವೇಗವನ್ನು ಗೊತ್ತುಮಾಡುತ್ತದೆ. ಎರಡನೆಯ ರೊಟ್ಟಿಗೂ ಮೂರನೆಯದಕ್ಕೂ ನಡುವಿನ ಆ ಬಿಡುವಿನಲ್ಲಿ ಹೊಟ್ಟೆಗೆ ತನ್ನ ಮಾತು ಹೇಳಲು ಅವಕಾಶ ಸಿಗುತ್ತದೆ. "ಏನ್ರೀ ಕಾಕಾ, ಇಷ್ಟಕ್ಕs ಸಾಕಾತೇನು? ಇನ್ನೊಂದ್ ಅರ್ಧಾನರ ಹಾಕ್ತೀನ್ ತಡೀರಿ" ಎಂದು ಬಡಿಸುವವಳು ಒತ್ತಾಯ ಮಾಡುವುದು ಆಮೇಲೆ. ಬೇಡ ಎನ್ನುವವನು ಉಂಡವನೇ, ನಿಯಮವಲ್ಲ. ಬುಫೆಯಲ್ಲಿ ಇದು ತಿರುಗಾಮುರುಗಾ. ಎಲ್ಲ ಒಮ್ಮೆಗೇ ಎದುರಿಗಿದೆ, ತಡೆಯುವ ಹಂಚಿಲ್ಲ. ಬಗೆ ಹೆಚ್ಚಾದಂತೆ ಜನ ಹೆಚ್ಚು ತಿನ್ನುತ್ತಾರೆ ಎಂಬುದನ್ನು ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲೇ ತೋರಿಸಿದ್ದಾರೆ. ಒಂದು ರುಚಿಗೆ ಬಾಯಿ ಸಾಕೆಂದರೂ ಇನ್ನೊಂದಕ್ಕೆ ತೆರೆಯುತ್ತದೆ. ವಸೂಲಿ ಪಂಥದವರು ತಾವು ಮಾಲೀಕನನ್ನು ಗೆದ್ದೆವೆಂದು ತಿಳಿಯುವುದು ಈ ಹೊತ್ತಿನಲ್ಲೇ.

ಇಂಥ ವಿಷಯದಲ್ಲಿ ನಾನು ಯಾವಾಗಲೂ ತೆಗೆಯುವ ಗ್ರಂಥ ಈ ಸಲವೂ ತೆಗೆಯುತ್ತೇನೆ, ಬೇಸರವಾದವರು ಮುಂದಿನ ಭಾಗಕ್ಕೆ ಹಾರಬಹುದು. ನಮ್ಮ ಬಡಗಣ ದಿಕ್ಕಿನ ಬಸವಕಲ್ಯಾಣ, ಅಂದಿನ ಕಲ್ಯಾಣ. ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸ. ನೂರು ಅಧ್ಯಾಯ, ಅವುಗಳಲ್ಲಿ ಅನ್ನಭೋಗ ಒಂದು. ಉದ್ದಿನಿಂದ ಮಾಡುವ ಇಡ್ಡರಿಕೆ, ದೋಸಕ, ವಟಕ, ಪೂರಿಕೆ, ಮಂಡಕ ಎಲ್ಲ ಅಲ್ಲಿವೆ. ಹೊಲದ ಇಲಿಯನ್ನು ಸುಡುವ ಬಗೆಯೂ ಇದೆ, ಶರಣರ ನಾಡಿನವರು ಕಣ್ಣು ಮುಚ್ಚಿಕೊಂಡು ದಾಟಬಹುದು. ಅಷ್ಟು ಬಗೆ ಗೊತ್ತಿದ್ದ ದೊರೆ ತಾಟು ಹಿಡಿದು ಸಾಲಿನಲ್ಲಿ ನಿಂತವನಲ್ಲ. ಗಾದಿಯ ಮೇಲೆ ಕೂರುತ್ತಾನೆ, ತೊಡೆಯ ಮೇಲೆ ಬಿಳಿ ಬಟ್ಟೆ ಹಾಸುತ್ತಾರೆ, ಬಡಿಸುವವರು ಬಡಿಸುತ್ತಾರೆ. ನಮ್ಮ ಖಾನಾವಳಿ ಈ ಕ್ರಮಕ್ಕೆ ಹತ್ತಿರ. ಬುಫೆ ಯಾವ ಕ್ರಮಕ್ಕೂ ಸೇರದು.

ಆ ಗ್ರಂಥದಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಸೋಮೇಶ್ವರ ನೀರಿಗೆಂದೇ ಪಾನೀಯಭೋಗ ಎಂಬ ಬೇರೆ ಅಧ್ಯಾಯ ಇಟ್ಟಿರುವುದು. ಪಾರ್ಕುಗಳ ಮಾಲೀಕರೂ ಅದನ್ನು ಓದಿದ್ದಾರೆಂದು ಕಾಣುತ್ತದೆ, ಅಲ್ಲಿಯೂ ನೀರಿಗೆ ಬೇರೆಯೇ ಲೆಕ್ಕ. ಊಟದ ಪ್ಯಾಕೇಜಿನಲ್ಲಿ ಬಾಟಲಿ ನೀರು ಸೇರಿದೆಯೇ ಎಂದು ಮೊದಲು ಕೇಳಿ. ಹೋಟೆಲುಗಳಲ್ಲಿ ಬಾಟಲಿ ನೀರನ್ನು ಎಂಆರ್‌ಪಿಗಿಂತ ಹೆಚ್ಚು ದರಕ್ಕೆ ಕೊಡುವುದಕ್ಕೆ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ. 2023ರ ಜನವರಿಯಲ್ಲಿ ಸಿನಿಮಾ ಮಂದಿರಗಳ ಪ್ರಕರಣದಲ್ಲಿ ಹೊರಗಿನ ತಿಂಡಿ ತಡೆಯುವ ಹಕ್ಕು ಮಾಲೀಕರದು ಎಂದೂ ಅದೇ ಕೋರ್ಟ್ ಹೇಳಿತು. ಜಿಲೇಬಿ ತಿಂದು ಬೆರಳನ್ನು ಸೀಟಿಗೆ ಒರೆಸಿದರೆ ತೊಳೆಯುವವರು ಯಾರು ಎಂಬ ಪ್ರಶ್ನೆ ಅಂದು ಪೀಠದಿಂದಲೇ ಬಂತು. ಆದರೆ ಮಂದಿರಗಳು ಶುದ್ಧ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು ಎಂಬುದೂ ಅದರ ಜೊತೆಗಿದೆ. ಪಾರ್ಕಿನಲ್ಲೂ ಕುಡಿಯುವ ನೀರಿನ ನಲ್ಲಿ ಎಲ್ಲಿದೆ ಎಂದು ಒಳಹೊಕ್ಕ ಕೂಡಲೇ ಕೇಳಿಕೊಂಡರೆ ಅರ್ಧ ಕೂಪನ್ನಿನ ದುಡ್ಡು ಉಳಿಯಿತು.

ಇನ್ನು ಯಾರೂ ಹಾಕದ ಒಂದು ಲೆಕ್ಕ. ಟಿಕೆಟ್ಟು ತಲೆಗೆ 1,400 ರೂಪಾಯಿ, ಪಾರ್ಕು ತೆರೆದಿರುವುದು 7 ತಾಸು ಎಂದು ಸುಮ್ಮನೆ ಹಿಡಿಯಿರಿ. ಒಂದು ತಾಸಿಗೆ 200 ಆಯಿತು. ಕೌಂಟರಿನಲ್ಲಿ ದೋಸೆ ತಿಂದು ಏಳಲು ಅರ್ಧ ತಾಸು, ಬುಫೆಗೆ ಒಂದೂವರೆ ತಾಸು. ನಾಲ್ಕು ಜನರ ಮನೆಯವರು ಬುಫೆಗಾಗಿ ಹೆಚ್ಚಿಗೆ ಕಳೆದ ಆ ಒಂದು ತಾಸಿನ ಬೆಲೆ 800. ಇದು ಊಟದ ಬಿಲ್ಲಿನಲ್ಲಿ ಬರುವುದಿಲ್ಲ, ಜೇಬಿನಿಂದ ಮಾತ್ರ ಹೋಗಿರುತ್ತದೆ.

ಹಾಗಾದರೆ ಕೂಪನ್ನು ಯಾರಿಗೂ ಬೇಡವೇ? ಬೇಕು, ಆಯಿಗೆ ಬೇಕು. ಮೇ ತಿಂಗಳ ಹೈದರಾಬಾದಿನಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ಮೊಣಕಾಲು ನೋವಿನ ಮುದುಕಿಗೂ ಎರಡು ವರ್ಷದ ಕೂಸಿನ ತಾಯಿಗೂ ಯಾವ ಜೋಕಾಲಿಯೂ ಬೇಡ. ಎಸಿ ಇರುವ ಕೋಣೆ, ಬೆನ್ನಿಗೆ ಆನಿಕೆ ಇರುವ ಕುರ್ಚಿ, ಎಬ್ಬಿಸಲು ಬರುವ ಜನ ಇಲ್ಲದಿರುವುದು, ಇಷ್ಟು ಸಿಕ್ಕರೆ ಸಾಕು. ಅವರಿಗೆ ಆ ತಾಸು ಕಳೆದದ್ದಲ್ಲ, ಗಳಿಸಿದ್ದು. ಅವರ ಪಾಲಿಗೆ ಕೂಪನ್ನು ಊಟದ ದುಡ್ಡಲ್ಲ, ನೆರಳಿನ ಬಾಡಿಗೆ. ಆ ಬಾಡಿಗೆ ಸೋವಿಯೇ. ಜೊತೆಗೆ ಬರುವ ಬೇಳೆ-ಅನ್ನ ಎರಡು ತುತ್ತು ಉಂಡರೂ ಆಯಿತು, ಬಿಟ್ಟರೂ ಆಯಿತು. ವಸೂಲಿ ಪಂಥದವರು ಇದನ್ನು ಒಪ್ಪುವುದಿಲ್ಲ, ಆಯಿಯ ತಾಟಿಗೆ ತಾವೇ ಜಾಮೂನು ಹಾಕುತ್ತಾರೆ.

ಆದ್ದರಿಂದ ತೀರ್ಪು ಹೀಗೆ. ಮನೆಮಂದಿಗೆಲ್ಲ ಒಂದೇ ಬಗೆಯ ಟಿಕೆಟ್ ತೆಗೆಸಬೇಡಿ. ಕೂರುವವರಿಗೆ ಊಟ ಸೇರಿಸಿ ತಗೊಳ್ಳಿ, ಓಡುವವರಿಗೆ ಬರೀ ಪ್ರವೇಶ. ಬೆಳಗಿನ ಬುತ್ತಿಯನ್ನು ತಾಂಡೂರು ದಾಟುವುದರೊಳಗೆ ರೈಲಿನಲ್ಲೇ ಬಿಚ್ಚಿ. ಖಡಕ್ ರೊಟ್ಟಿ, ಹಿಂಡಿ, ಗಟ್ಟಿ ಮೊಸರು ಉಂಡವರಿಗೆ ಮಧ್ಯಾಹ್ನದವರೆಗೆ ಕೌಂಟರು ನೆನಪಾಗುವುದಿಲ್ಲ. ರಾಮೋಜಿಯ ಸಿತಾರಾ, ತಾರಾದಂಥ ಹೋಟೆಲಿನಲ್ಲಿ ಉಳಿಯುವವರು ಕೋಣೆ, ಪ್ರವೇಶ, ಊಟ ಮೂರನ್ನೂ ಬಿಡಿಬಿಡಿಯಾಗಿ ಕೇಳಿ ಕಾಗದದ ಮೇಲೆ ಕೂಡಿಸಿ, ಆಮೇಲೆ ಪ್ಯಾಕೇಜಿನ ದರದ ಪಕ್ಕ ಇಟ್ಟು ನೋಡಿ. ಬೆಳಗಿನ ನಾಷ್ಟಾ ಸೇರಿದ್ದರೆ ಒಳ್ಳೆಯದು, ಅಷ್ಟು ಹೊತ್ತಿಗೆ ಹೊರಗೆ ಹೋಗಿ ಹುಡುಕುವುದು ಕಷ್ಟ.

ರಾತ್ರಿಯ ಊಟ ಸೇರಿದ ಪ್ಯಾಕೇಜು ಮಾತ್ರ ಬೇಡ. ಮರುದಿನ ಊರಿಗೆ ಹೊರಡುವ ಮುಂಚಿನ ಆ ರಾತ್ರಿ ಶಹರದಲ್ಲಿ ಉಣ್ಣಿ. ನಮ್ಮ ಎಣ್ಣೆಗಾಯಿಯ ದಾಯಾದಿಯಾದ ಬಗಾರಾ ಬೈಂಗನ್ ಅಲ್ಲಿದೆ, ಅದೇ ಶೇಂಗಾ, ಅದೇ ಎಳ್ಳು, ಮೇಲೆ ಹುಣಸೆಯ ಹುಳಿ. ಮಿರ್ಚಿ ಕಾ ಸಾಲನ್ ಇದೆ, ಇರಾನಿ ಚಹಾ ಇದೆ. ಹೈದರಾಬಾದಿನವರೆಗೆ ಹೋಗಿ ರಾತ್ರಿ ಪಾರ್ಕಿನ ಬುಫೆಯಲ್ಲಿ ನೂಡಲ್ಸ್ ತಿಂದು ಬರುವವರಿಗೆ ಈ ಅಂಕಣದಿಂದ ಯಾವ ಸಲಹೆಯೂ ಇಲ್ಲ.