ಯಂತ್ರ ಬಂತು, ವಿವೇಚನೆ ಬಂತೇ?

ಶಾಲೆಗೆ ಗಣಕಯಂತ್ರ ಬಂದಾಗ ನಾವು ಅದಕ್ಕೆ ಹೂಮಾಲೆ ಹಾಕಿ, ದೀಪ ಬೆಳಗಿಸಿ ಬರಮಾಡಿಕೊಳ್ಳುತ್ತೇವೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಲೆಗಳೂ ಇದಕ್ಕೆ ಹೊರತಲ್ಲ. ಈ ಸಂತೋಷ ಸಹಜವೇ. ಆದರೆ ಓದುಗರೇ, ತೆರೆಯ ಮೇಲೆ ಮೂಡಿದ್ದನ್ನು ನಂಬಬೇಕೇ, ಬೇಡವೇ ಎಂದು ತೂಗಿ ನೋಡುವುದನ್ನು ನಮ್ಮ ಮಕ್ಕಳಿಗೆ ಯಾರು ಕಲಿಸುತ್ತಿದ್ದಾರೆ?

ನಮ್ಮ ರಾಜ್ಯದ ಪ್ರಯತ್ನಗಳೇನೂ ಕಡಿಮೆಯಲ್ಲ. ಈ ಶತಮಾನದ ಆರಂಭದಲ್ಲಿ 'ಮಾಹಿತಿ ಸಿಂಧು' ಯೋಜನೆಯ ಮೂಲಕ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. 2004ರ ಸೆಪ್ಟೆಂಬರ್ 20ರಂದು 'ಎಜುಸ್ಯಾಟ್' ಉಪಗ್ರಹ ಬಾನಿಗೇರಿತು. ನೆರೆಯ ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದವು. 2020ರಲ್ಲಿ ಕೊರೋನಾ ಶಾಲೆಗಳ ಬಾಗಿಲು ಮುಚ್ಚಿಸಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಪ್ರಸಾರವಾದವು. ಇವುಗಳಿಂದ ಅನುಕೂಲವಾಗಿಲ್ಲವೆಂದರೆ ಅನ್ಯಾಯವಾದೀತು. ಆದರೂ ಇವೆಲ್ಲವುಗಳಲ್ಲಿ ಸಮಾನವಾದ ಒಂದು ಕೊರತೆಯಿತ್ತು. ಮಗು ನೋಡಬೇಕಿತ್ತು, ಕೇಳಬೇಕಿತ್ತು, ಗುಂಡಿ ಒತ್ತಲು ಕಲಿಯಬೇಕಿತ್ತು. ತೆರೆಯನ್ನು ಮರುಪ್ರಶ್ನಿಸಲು ಮಾತ್ರ ಅಲ್ಲಿ ಎಡೆಯಿರಲಿಲ್ಲ. ತೆರೆ ಹೇಳುವುದೆಲ್ಲ ಪಾಠವೆಂದು ನಂಬಿ ಬೆಳೆದ ಮಗು, ನಾಳೆ ಅದೇ ತೆರೆಯಲ್ಲಿ ಬಂದ ಸುಳ್ಳನ್ನೂ ಪಾಠವೆಂದೇ ಓದೀತು.

ಇದರ ಬೆಲೆಯನ್ನು ನಾವು ತೆತ್ತಿದ್ದೇವೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆಯೆಂಬ ವದಂತಿ ಕಿರುಸಂದೇಶಗಳ ಮೂಲಕ ಹಬ್ಬಿ, ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣಕ್ಕೆ ಧಾವಿಸಿದರು. ಅದೇ ದಿನಗಳಲ್ಲಿ ಮೈಸೂರಿನಲ್ಲಿ ಟಿಬೆಟನ್ ಯುವಕನೊಬ್ಬನಿಗೆ ಚೂರಿ ಇರಿಯಲಾಯಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟನ್ನರ ನೆರೆಹೊರೆಯಲ್ಲಿ ಬಾಳುತ್ತಿರುವ ನಮಗೆ ಅದು ದೂರದ ಸುದ್ದಿಯಾಗಿರಲಿಲ್ಲ. ಮುಂದೆ 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಪ್ರವಾಸಿಗಳನ್ನು ವಾಟ್ಸಾಪ್ ಸಂದೇಶಗಳು ಮಕ್ಕಳ ಕಳ್ಳರನ್ನಾಗಿಸಿದವು. ಗುಂಪಿನ ಹೊಡೆತಕ್ಕೆ ಒಬ್ಬ ಯುವ ಎಂಜಿನಿಯರ್ ಪ್ರಾಣ ತೆತ್ತರು. ಪ್ರೀತಿಯಿಂದ ನೀಡಿದ ತಿನಿಸೇ ಅವರ ವಿರುದ್ಧ ಸಾಕ್ಷ್ಯವಾಯಿತು!

ಎರಡೂ ಸಂದರ್ಭಗಳಲ್ಲಿ ಪರಿಹಾರವೇನಾಯಿತು ಗಮನಿಸಿ. 2012ರಲ್ಲಿ ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಸಾಮೂಹಿಕ ಕಿರುಸಂದೇಶ ಕಳುಹಿಸದಂತೆ ತಾತ್ಕಾಲಿಕ ಮಿತಿ ಹೇರಿತು. 2018ರಲ್ಲಿ ವಾಟ್ಸಾಪ್, ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಳಿಗಷ್ಟೇ ಮುಂದೂಡುವಂತೆ ಭಾರತದಲ್ಲಿ ನಿರ್ಬಂಧಿಸಿತು. ಆರು ವರ್ಷಗಳ ಅಂತರದಲ್ಲಿ ಎರಡು ಬಾರಿಯೂ ಯಂತ್ರಕ್ಕೇ ಕಡಿವಾಣ. ಅದನ್ನು ಹಿಡಿದ ಕೈಗೆ, ಆ ಕೈಯ ಹಿಂದಿನ ಮನಸ್ಸಿಗೆ ಶಿಕ್ಷಣವಿಲ್ಲ.

ಬೇರೆ ದಾರಿ ಇರಲಿಲ್ಲವೇ? ಇತ್ತು, ಅದೂ ಕೊಡಗಿನ ಗಡಿಯಾಚೆಗೇ. ಕೇರಳದ ಕಣ್ಣೂರು ಜಿಲ್ಲೆಯಲ್ಲಿ ಲಸಿಕೆಯ ಬಗ್ಗೆ ಹಬ್ಬಿದ ಸುಳ್ಳುಸುದ್ದಿಯಿಂದ ತಾಯ್ತಂದೆಯರು ಹಿಂಜರಿದಾಗ, ಜಿಲ್ಲಾಡಳಿತವು 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳುಸುದ್ದಿಯನ್ನು ಗುರುತಿಸುವ ತರಗತಿಗಳನ್ನು ಆರಂಭಿಸಿತು. ಅದಕ್ಕೆ ಬೇಕಾದದ್ದು ಒಂದು ಪಾಠದ ಅವಧಿ ಮತ್ತು ಸಿದ್ಧರಾದ ಶಿಕ್ಷಕರು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಪಾಠಕ್ಕೆ ಸಾಮಗ್ರಿ ಹೇರಳವಾಗಿದೆ. ಹೊಗೆಸೊಪ್ಪಿನ ಹರಾಜು ನಡೆಯುವ ತಿಂಗಳುಗಳಲ್ಲಿ ದರ ಏರಿತೆಂದೋ ಕುಸಿಯಿತೆಂದೋ ಸಂದೇಶಗಳು ಸುತ್ತುತ್ತವೆ. ಅಂಥದ್ದೊಂದನ್ನು ಕಪ್ಪುಹಲಗೆಯ ಮೇಲೆ ಬರೆದು, ಮರುದಿನದ ಪತ್ರಿಕೆಯ ದರವನ್ನೂ, ಮಾರಾಟ ಮಾಡಿ ಬಂದ ರೈತ ತಂದೆಯ ಮಾತನ್ನೂ ಅದರ ಪಕ್ಕದಲ್ಲಿ ಬರೆಸಿದರೆ ಸಾಕು, ಪಾಠ ಮುಗಿಯಿತು. ವಯನಾಡಿನಲ್ಲಿ ಮಳೆ ಸುರಿದಾಗ ಕಬಿನಿ ತುಂಬುತ್ತದೆ. ಆಗ ಬರುವ ಅಣೆಕಟ್ಟೆಯ ವಿಡಿಯೋ ಈ ವರ್ಷದ್ದೋ, ಹಿಂದಿನದೋ, ಅಥವಾ ನಮ್ಮ ಕಬಿನಿಯದೇ ಹೌದೋ? ಹುಲಿಯ ಚಿತ್ರವೊಂದು ಬಂದರೆ ಅದು ನಾಗರಹೊಳೆಯದೋ, ಕೃತಕ ಬುದ್ಧಿಮತ್ತೆ ಬರೆದದ್ದೋ? ಯಾರು ಹೇಳಿದರು, ಯಾವಾಗ ಹೇಳಿದರು, ನನ್ನಿಂದ ಏನನ್ನು ಬಯಸಿ ಹೇಳಿದರು ಎಂಬ ಮೂರು ಪ್ರಶ್ನೆಗಳಿಗೆ ವಿದ್ಯುತ್ ಬೇಡ, ಸಿಗ್ನಲ್ ಬೇಡ.

ಕಾಡಂಚಿನ ಜೇನುಕುರುಬರ ಹಾಡಿಗಳಲ್ಲಿ ಮೊಬೈಲೇ ವಿರಳವಲ್ಲವೇ, ಮೊದಲು ಯಂತ್ರ ಕೊಡಿ ಎಂದು ಕೆಲವರು ವಾದಿಸಬಹುದು. ಯಂತ್ರ ಕೊಡಬೇಕು, ನಿಜ. ಆದರೆ ಸುಳ್ಳು ಹಾಡಿಯನ್ನು ತಲುಪಲು ಪ್ರತಿ ಮನೆಯಲ್ಲೂ ಮೊಬೈಲ್ ಇರಬೇಕಿಲ್ಲ. ಒಂದಿದ್ದರೆ ಸಾಕು, ಉಳಿದದ್ದನ್ನು ಬಾಯಿಮಾತು ಮಾಡುತ್ತದೆ. ಅಕ್ಷರ ಬಲ್ಲ ಮಗುವೇ ಅಲ್ಲಿ ಇಡೀ ಮನೆಗೆ ಓದಿ ಹೇಳುವ ಓದುಗ. ಔಷಧಿಯ, ಲಸಿಕೆಯ ಬಗ್ಗೆ ಆ ಮಗು ಏನನ್ನು ನಂಬುತ್ತದೆಯೋ ಅದನ್ನೇ ಅಜ್ಜಿಯೂ ನಂಬುತ್ತಾಳೆ. ಹೀಗಾಗಿ ವಿವೇಚನೆಯ ಪಾಠ ಹೆಚ್ಚು ಅಗತ್ಯವಾಗಿರುವುದು ಯಂತ್ರ ಕಡಿಮೆಯಿರುವ ಕಡೆಯಲ್ಲಿಯೇ. 2020ರ 'ವಿದ್ಯಾಗಮ'ದಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ನಡೆದು ಹೋದದ್ದನ್ನು ನೆನೆಯಿರಿ. ತೆರೆಗೆ ಸಾಧ್ಯವಾಗದ್ದು ಗುರುವಿನ ಕಾಲಿಗೆ ಸಾಧ್ಯವಾಗಿತ್ತು.

ಧರ್ಮಸಭೆಗೆ ಈ ವಿಚಾರ ಹೊಸತಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸಮೂಹ ಮಾಧ್ಯಮಗಳ ಕುರಿತ ತನ್ನ ಆದೇಶಪತ್ರದಲ್ಲಿ, ಯುವಜನರಿಗೆ ಮಾಧ್ಯಮಗಳ ಸದ್ಬಳಕೆಯ ತರಬೇತಿ ನೀಡುವಂತೆ ಕಥೋಲಿಕ ಶಾಲೆಗಳಿಗೆ ಸೂಚಿಸಿತ್ತು. ಹದಿನಾರನೇ ಬೆನೆಡಿಕ್ಟ್ ಜಗದ್ಗುರುಗಳು 2007ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಮಕ್ಕಳು ಮತ್ತು ಮಾಧ್ಯಮ ಎಂಬ ವಿಷಯಕ್ಕೇ ಮೀಸಲಿಟ್ಟರು. ಇಷ್ಟಿದ್ದೂ ನಮ್ಮ ಶಾಲೆಗಳ ದಾಖಲಾತಿ ಪ್ರಕಟಣೆಗಳು 'ಸ್ಮಾರ್ಟ್ ಕ್ಲಾಸ್' ಇದೆಯೆಂದು ಸಾರುತ್ತವೆಯೇ ಹೊರತು, ಪ್ರಶ್ನಿಸುವ ಮಕ್ಕಳಿದ್ದಾರೆಂದು ಹೇಳುವುದಿಲ್ಲ. ನಮ್ಮ ಧರ್ಮಕೇಂದ್ರಗಳ ವಾಟ್ಸಾಪ್ ಗುಂಪುಗಳಲ್ಲೂ ಪವಾಡದ ಚಿತ್ರಗಳು, ಜಗದ್ಗುರುಗಳು ಎಂದೂ ಆಡದ ಮಾತುಗಳು, ಹತ್ತು ಮಂದಿಗೆ ಕಳುಹಿಸದಿದ್ದರೆ ಕೇಡಾದೀತೆಂಬ ಬೆದರಿಕೆಗಳು ಭಕ್ತಿಯ ವೇಷದಲ್ಲಿ ಓಡಾಡುತ್ತವೆ. ಹಿರಿಯರು ಇದನ್ನು ತಿದ್ದಿಕೊಳ್ಳದೆ ಮಕ್ಕಳಿಗೆ ಬೋಧಿಸಿದರೆ ಫಲವೇನು?

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬೆರೋಯದ ಜನರ ಪ್ರಸ್ತಾಪವಿದೆ. ಸಂತ ಪೌಲರೇ ಬಂದು ಸಾರಿದರೂ ಅವರು ಅದು ಹೌದೋ ಅಲ್ಲವೋ ಎಂದು ದಿನದಿನವೂ ಪವಿತ್ರ ಗ್ರಂಥವನ್ನು ಪರಿಶೀಲಿಸಿದರು. ಗ್ರಂಥಕರ್ತ ಅವರನ್ನು ಅವಿಶ್ವಾಸಿಗಳೆಂದು ಜರೆಯದೆ, ಉದಾರ ಮನಸ್ಸಿನವರೆಂದು ಹೊಗಳುತ್ತಾನೆ. ಪರಿಶೀಲನೆ ವಿಶ್ವಾಸದ ವೈರಿಯಲ್ಲ, ಅದರ ಕಾವಲು.

ದಶಾಜ್ಞೆಗಳಲ್ಲಿ ಎಂಟನೆಯದು ನೆರೆಯವರ ವಿರುದ್ಧ ಸುಳ್ಳುಸಾಕ್ಷಿಯನ್ನು ನಿಷೇಧಿಸುತ್ತದೆ. ಪರಿಶೀಲಿಸದೆ ಮುಂದೂಡಿದ ಒಂದು ಸಂದೇಶವೂ ಸಾಕ್ಷಿಯೇ. ಅದರ ಕೆಳಗೆ ನಮ್ಮ ಹೆಸರಿರುತ್ತದೆ. ಇಷ್ಟನ್ನು ಧರ್ಮೋಪದೇಶದ ತರಗತಿಯಲ್ಲಿ, ವಾರಕ್ಕೊಂದು ಅವಧಿಯಲ್ಲಿ, ಒಂದು ದಿನಪತ್ರಿಕೆ ಮತ್ತು ಕಪ್ಪುಹಲಗೆಯೊಂದಿಗೆ ನಾವೇಕೆ ಆರಂಭಿಸಬಾರದು? ಮುಂದಿನ ಯಂತ್ರಕ್ಕಾಗಿ ಕಾಯುವ ಅಗತ್ಯವಿಲ್ಲ.