ಶಾಲೆಯ ಸಂಗೀತ, ಊರಿನ ಹಾಡು: ಪುತ್ತೂರು, ಸುಳ್ಯ, ಕಡಬ ಪರಿಸರದಲ್ಲಿ ಸಂಗೀತ ಶಿಕ್ಷಕರ ಆಕರಗಳು

ಶಾಲಾ ಸಂಗೀತದ ಕುರಿತಾದ ಚರ್ಚೆ ಕನ್ನಡದಲ್ಲಿ ಸಾಮಾನ್ಯವಾಗಿ ಎರಡು ನೆಲೆಗಳಲ್ಲಿ ನಿಂತುಬಿಡುತ್ತದೆ. ಒಂದು, ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳುಳ್ಳ ಶಾಸ್ತ್ರೀಯ ಸಂಗೀತ ಪರೀಕ್ಷೆಗಳ ಪಠ್ಯಕ್ರಮ; ಇನ್ನೊಂದು, ಕೆಳಗಿನ ತರಗತಿಗಳ ಅಭಿನಯಗೀತೆ. ಮೊದಲನೆಯದು ಆಯ್ದ ಕೆಲವು ಮಕ್ಕಳಿಗೆ ಸಲ್ಲುತ್ತದೆ, ಎರಡನೆಯದು ಮೂರನೆಯ ತರಗತಿಯ ಹೊತ್ತಿಗೆ ಮುಗಿದುಹೋಗುತ್ತದೆ. ಇವೆರಡರ ನಡುವೆ, ಶಾಲೆಯ ಆವರಣದಿಂದ ಕೂಗಳತೆಯ ದೂರದಲ್ಲಿರುವ ಹಾಡು, ತಾಳ, ವಾದ್ಯಗಳು ಶಿಕ್ಷಕರಿಗೆ ಆಕರಗಳಾಗಿ ಒದಗುತ್ತಿವೆಯೇ ಎಂಬ ಪ್ರಶ್ನೆಯನ್ನು ಎತ್ತಿದವರು ಕಡಿಮೆ. ಪುತ್ತೂರು ಮತ್ತು ಸುಳ್ಯ ತಾಲೂಕುಗಳಲ್ಲಿ, ಹಾಗೂ ಅವುಗಳ ಭಾಗಗಳನ್ನು ಸೇರಿಸಿ ಮುಂದೆ ರಚಿತವಾದ ಕಡಬ ತಾಲೂಕಿನಲ್ಲಿ, ಈ ಪ್ರಶ್ನೆಯನ್ನು ಪರಿಶೀಲಿಸಲು ವಿಶೇಷ ಅವಕಾಶವಿದೆ. ಜಾನಪದ ಸಂಗ್ರಹದ ದೃಷ್ಟಿಯಿಂದ ಇದು ಬಡ ಪ್ರದೇಶವಲ್ಲ. ಸಂಗ್ರಹವಾದದ್ದು ತರಗತಿಗೆ ತಲುಪಲಿಲ್ಲವೆಂಬುದೇ ಇಲ್ಲಿನ ಸಮಸ್ಯೆ.

'ಸಂಗೀತ ಶಿಕ್ಷಕ' ಎಂಬ ಪದವನ್ನೇ ಮೊದಲು ಸ್ಪಷ್ಟಪಡಿಸಿಕೊಳ್ಳಬೇಕಾಗುತ್ತದೆ. ಬಹುಪಾಲು ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತಕ್ಕೆಂದೇ ಪ್ರತ್ಯೇಕ ಹುದ್ದೆಯಿಲ್ಲ. ಗಣಿತವನ್ನೋ ಕನ್ನಡವನ್ನೋ ಬೋಧಿಸುವವರೇ ಹಾಡನ್ನೂ ಕಲಿಸುತ್ತಾರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾ ಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿತು. ಯಾರು ಕಲಿಸಬೇಕು, ಯಾವುದರಿಂದ ಕಲಿಸಬೇಕು ಎಂಬುದು ಊರಿನ ಮಟ್ಟದಲ್ಲಿ ಉತ್ತರವಿಲ್ಲದೆ ಉಳಿಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009–10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿದ ನಲಿ–ಕಲಿ ಪದ್ಧತಿ ಹಾಡನ್ನು ತರಗತಿಯ ಒಳಗೆ ತಂದಿತೆಂಬುದು ನಿಜ. ಆದರೆ ತರಬೇತಿ ಶಿಬಿರದಲ್ಲಿ ಕಿವಿಯಿಂದ ಕಲಿತ ಧಾಟಿಯೇ ಎಲ್ಲೆಡೆ ಹರಡುವುದರಿಂದ ಹಾಡು ಪಾಠದ ಸಾಧನವಾಯಿತೇ ಹೊರತು ಹಾಡುವಿಕೆ ಸ್ವತಃ ಕಲಿಕೆಯ ವಿಷಯವಾಗಲಿಲ್ಲ.

ಈ ಪ್ರದೇಶಕ್ಕೆ ಬೇರೊಂದು ಪರಂಪರೆಯಿತ್ತು. ಶಾಲಾ ಇನ್‌ಸ್ಪೆಕ್ಟರರಾಗಿ ಜಿಲ್ಲೆಯನ್ನು ಬಲ್ಲವರಾಗಿದ್ದ ಪಂಜೆ ಮಂಗೇಶರಾಯರು (1874–1937) ಮಕ್ಕಳ ಪದ್ಯಗಳನ್ನು ಬಾಯಿಪಾಠಕ್ಕಾಗಿ ಬರೆದವರಲ್ಲ, ಹಾಡಿಗಾಗಿ ಬರೆದವರು. 'ತೆಂಕಣ ಗಾಳಿಯಾಟ'ದಲ್ಲಿ ಗಾಳಿಯ ಬೀಸು ಅರ್ಥಕ್ಕಿಂತ ಮೊದಲು ಲಯದಲ್ಲಿ ಕೇಳಿಸುತ್ತದೆ. ಶಿವರಾಮ ಕಾರಂತರು ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ನಡೆಸಿದ ಪ್ರಯೋಗಗಳಲ್ಲಿ ನೃತ್ಯ, ಗೀತನಾಟಕ, ಚಿತ್ರ, ಪ್ರಕೃತಿಪಾಠಗಳು ಬೇರೆ ಬೇರೆ 'ವಿಷಯ'ಗಳಾಗಿರಲಿಲ್ಲ. 1936ರಲ್ಲಿ ಅವರ 'ಬಾಲ ಪ್ರಪಂಚ' ಹೊರಬಂದುದನ್ನೂ ಇದೇ ಹಿನ್ನೆಲೆಯಲ್ಲಿ ನೋಡಬೇಕು. ಬಂಟ್ವಾಳ ತಾಲೂಕಿನ ಮಂಚಿಯ ಬಿ.ವಿ. ಕಾರಂತರು (1929–2002) ಬಾಲ್ಯದಲ್ಲಿ ಪಿ.ಕೆ. ನಾರಾಯಣ ಅವರು ಆಡಿಸಿದ 'ನನ್ನ ಗೋಪಾಲ'ದಲ್ಲಿ ಪಾತ್ರವಹಿಸಿ, ಮುಂದೆ ಸಂಗೀತವೆನಿಸದ ಶಬ್ದಗಳಿಂದಲೂ ರಂಗಸಂಗೀತ ಕಟ್ಟಬಹುದೆಂದು ತೋರಿಸಿಕೊಟ್ಟರು. ಅಡಕೆ ಹಾಳೆ, ಗೆರಟೆ, ಬಿದಿರು, ತೆಂಗಿನ ಗರಿಯ ಪೀಪಿ ಸುತ್ತಲೂ ದೊರೆಯುವ ಊರಿನಲ್ಲಿ ವಾದ್ಯಗಳಿಲ್ಲವೆಂದು ಕೈಚೆಲ್ಲುವ ಶಾಲೆಗೆ ಇದಕ್ಕಿಂತ ನೇರವಾದ ಪಾಠ ಬೇಕಿಲ್ಲ. ಆದರೆ ಈ ಮೂವರೂ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಯನದ ವಸ್ತುಗಳಾದಷ್ಟು ಶಾಲೆಗಳಲ್ಲಿ ಮಾದರಿಗಳಾಗಲಿಲ್ಲ. ಬಾಲವನ ಸ್ಮಾರಕವಾಗಿ ಉಳಿದಿದೆ. ಅಲ್ಲಿನ ಕ್ರಮ ಶಿಕ್ಷಕರ ಕೈಪಿಡಿಯಾಗಿ ಉಳಿಯಲಿಲ್ಲ.

ಜಾನಪದ ಸಂಗ್ರಹಗಳ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಪಾಡ್ದನಗಳನ್ನು ಮುದ್ರಿಸಿದಂದಿನಿಂದ ತುಳು ಮೌಖಿಕ ಕಾವ್ಯ ಅಚ್ಚಿಗೆ ಬರುತ್ತಲೇ ಇದೆ. ಅಮೃತ ಸೋಮೇಶ್ವರ, ಬಿ.ಎ. ವಿವೇಕ ರೈ ಮೊದಲಾದವರ ಕೆಲಸದಿಂದ ಪಾಡ್ದನ, ಕಬಿತ, ಉರಲ್ ಎಂಬ ಪ್ರಭೇದಗಳ ಸ್ವರೂಪ ಸ್ಪಷ್ಟವಾಯಿತು. ಲೌರಿ ಹಾಂಕೊ ಮತ್ತು ಸಂಗಡಿಗರು ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರಿಂದ ದಾಖಲಿಸಿ 1998ರಲ್ಲಿ ಪ್ರಕಟಿಸಿದ ಸಿರಿ ಕಾವ್ಯದ ಸಾಲುಗಳ ಸಂಖ್ಯೆ 15,683. ಪಠ್ಯದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ ಈ ಪರಂಪರೆ ಧಾಟಿಯ ವಿಷಯದಲ್ಲಿ ಬಹುಮಟ್ಟಿಗೆ ಮೌನವಾಗಿದೆ. ಸಂಗ್ರಹದ ಪುಟದಲ್ಲಿ ಹಾಡು ಪದಗಳ ಸಾಲಾಗಿ ಮಲಗಿರುತ್ತದೆ. ಅದರ ಶ್ರುತಿ ಯಾವುದು, ನಡೆ ಯಾವುದು, ಎಲ್ಲಿ ಉಸಿರು ತೆಗೆಯುತ್ತಾರೆ, ಯಾವ ಸಾಲನ್ನು ಗುಂಪು ಮರಳಿ ಹೇಳುತ್ತದೆ ಎಂಬುದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಸಂಶೋಧಕರಿಗೆ ಇದರಿಂದ ಹೆಚ್ಚಿನ ತೊಂದರೆಯಾಗಿಲ್ಲ. ಪುಸ್ತಕವನ್ನು ಹಿಡಿದು ನಲವತ್ತು ಮಕ್ಕಳ ಮುಂದೆ ನಿಲ್ಲಬೇಕಾದ ಶಿಕ್ಷಕಿಗೆ ಮಾತ್ರ ಅದು ನಿರುಪಯೋಗಿ.

ತರಗತಿಗೆ ಹೆಚ್ಚು ಒಗ್ಗುವ ಪ್ರಕಾರ ಕಬಿತ. ನಾಟಿಯ ಗದ್ದೆಯಲ್ಲಿ ಒಬ್ಬಾಕೆ ಸಾಲನ್ನು ಎತ್ತಿಕೊಂಡರೆ ಉಳಿದವರು ಸೊಲ್ಲು ಸೇರಿಸುತ್ತಾರೆ. ಹಾಡುಗಾರಿಕೆಯಲ್ಲಿ ಪಳಗದ ಶಿಕ್ಷಕರಿಗೂ ಎತ್ತುಗಡೆ ಮತ್ತು ಮರುನುಡಿಯ ಈ ವಿನ್ಯಾಸ ನೆರವಾಗುತ್ತದೆ. ಎತ್ತಿಕೊಳ್ಳುವ ಹೊಣೆ ದಿನಕ್ಕೊಬ್ಬ ಮಗುವಿನದಾಗಬಹುದು, ಸೊಲ್ಲು ಎಲ್ಲರಿಗೂ ಬರುತ್ತದೆ, ಸ್ವರ ತಪ್ಪಿದವರು ಗುಂಪಿನ ದನಿಯಲ್ಲಿ ತಿದ್ದಿಕೊಳ್ಳುತ್ತಾರೆ. ಬಾಗುವ ಮತ್ತು ನೆಡುವ ಚಲನೆಗಳೇ ತಾಳದ ಸ್ಥಾನದಲ್ಲಿರುವುದರಿಂದ ಹಾಡನ್ನು ಕುಳಿತು ಕಲಿಸುವುದಕ್ಕಿಂತ ನಿಂತು, ಕೈಕಾಲು ಆಡಿಸುತ್ತ ಕಲಿಸುವುದೇ ಅದರ ಸ್ವಭಾವಕ್ಕೆ ಸರಿ. ಮಕ್ಕಳಿಂದಲೇ ಹೊಸ ಸಾಲು ಕಟ್ಟಿಸುವುದಕ್ಕೂ ಇಲ್ಲಿ ಎಡೆಯಿದೆ.

ಶ್ರುತಿಯ ವಿಷಯ ಚಿಕ್ಕದಾಗಿ ಕಂಡರೂ ಶಾಲೆಗಳಲ್ಲಿ ಹಾಡು ಸೊರಗುವುದಕ್ಕೆ ಅದೇ ದೊಡ್ಡ ಕಾರಣಗಳಲ್ಲೊಂದು. ಶಿಕ್ಷಕರು ತಮ್ಮ ಕೊರಳಿಗೆ ಅನುಕೂಲವಾದ ಶ್ರುತಿಯಲ್ಲಿ ಹಾಡನ್ನು ಎತ್ತಿಕೊಳ್ಳುತ್ತಾರೆ. ಮಂದ್ರಕ್ಕಿಳಿಯುವ ಸಾಲುಗಳು ಮಕ್ಕಳಿಗೆ ನಿಲುಕದೆ ಗೊಣಗಾಟವಾಗುತ್ತವೆ. 'ಈ ಮಕ್ಕಳಿಗೆ ಸ್ವರಜ್ಞಾನವಿಲ್ಲ' ಎಂಬ ತೀರ್ಮಾನ ಆಮೇಲೆ ಬರುತ್ತದೆ. ಐದಾರು ಸ್ವರಗಳ ವ್ಯಾಪ್ತಿಯ ಹಾಡನ್ನು ಆರಿಸಿ, ಮಕ್ಕಳು ಆಟದ ಬಯಲಿನಲ್ಲಿ ಪರಸ್ಪರ ಕರೆಯುವ ದನಿಯ ಎತ್ತರವನ್ನು ಗಮನಿಸಿ ಅದರ ಸಮೀಪದಲ್ಲಿ ಆಧಾರ ಷಡ್ಜವನ್ನು ಇರಿಸಿದರೆ ಇದರ ಬಹುಭಾಗ ಪರಿಹಾರವಾಗುತ್ತದೆ.

ತಾಳಕ್ಕೆ ಈ ಭಾಗದಲ್ಲಿ ಯಕ್ಷಗಾನದಷ್ಟು ಸಮೃದ್ಧವಾದ ಆಕರ ಬೇರೆಯಿಲ್ಲ. ತೆಂಕುತಿಟ್ಟಿನ ಆಟವನ್ನು ನೋಡಿ ಬೆಳೆದ ಮಗುವಿನ ಕಿವಿಗೆ ಏಕತಾಳದ ನಾಲ್ಕು, ರೂಪಕದ ಆರು, ತ್ರಿವುಡೆಯ ಏಳು, ಝಂಪೆಯ ಹತ್ತು, ಅಷ್ಟತಾಳದ ಹದಿನಾಲ್ಕು ಅಕ್ಷರಗಳು ಹೆಸರು ತಿಳಿಯದೆಯೂ ಪರಿಚಿತ. ಶಾಲೆ ಮಾತ್ರ ಎಲ್ಲ ಹಾಡನ್ನೂ ನಾಲ್ಕರ ಚಪ್ಪಾಳೆಗೆ ಇಳಿಸುತ್ತದೆ. ತ್ರಿವುಡೆಯನ್ನು ಮೂರು, ಎರಡು, ಎರಡು ಎಂದು ಒಡೆದು, ತರಗತಿಯ ಒಂದು ಗುಂಪು ಮೂರನ್ನು ಗೆರಟೆಯಲ್ಲಿ, ಇನ್ನೊಂದು ಗುಂಪು ಉಳಿದ ನಾಲ್ಕನ್ನು ಹಾಳೆಯಲ್ಲಿ ಬಡಿಯುವಂತೆ ಮಾಡಿದರೆ ಒಂದೇ ಅವಧಿಯಲ್ಲಿ ಏಳರ ನಡೆ ಕೂರುತ್ತದೆ. ಪ್ರಸಂಗವನ್ನೇ ಕಲಿಸಬೇಕೆಂಬ ಹಟ ಇಲ್ಲಿ ಅನಗತ್ಯ. ವಾರ್ಷಿಕೋತ್ಸವದ ಒಂದು ಗಂಟೆಯ ಪ್ರಸಂಗಕ್ಕಾಗಿ ವೇಷಭೂಷಣಕ್ಕೆ ಹಣ ಕೂಡಿಸುವ ಶಾಲೆಗಳು ಒಂದು ಜೊತೆ ತಾಳವನ್ನು ತರಗತಿಯಲ್ಲಿಡಲು ಮರೆಯುವುದುಂಟು.

ಎಲ್ಲ ಹಾಡೂ ತರಗತಿಗೆ ಬರಬಹುದೇ? ಈ ಪ್ರಶ್ನೆಯನ್ನು ಕೈಪಿಡಿಗಳು ತಪ್ಪಿಸಿಕೊಳ್ಳುತ್ತವೆ. ಗದ್ದೆಯ ಪಾಡ್ದನ ಬೇರೆ, ದೈವದ ಮುಂದೆ ನುಡಿಯುವ ಸಂಧಿ ಬೇರೆ. 2022ರ 'ಕಾಂತಾರ' ಚಿತ್ರದ ಬಳಿಕ ವೇದಿಕೆಗಳಲ್ಲಿ ದೈವದ ಅನುಕರಣೆಯ ಬಗ್ಗೆ ತುಳುನಾಡಿನಲ್ಲಿ ಎದ್ದ ಆಕ್ಷೇಪಗಳು ಶಾಲಾ ವೇದಿಕೆಗೂ ಅನ್ವಯಿಸುತ್ತವೆ. ಅದಕ್ಕಿಂತ ಸೂಕ್ಷ್ಮವಾದುದು ಜಾತಿಯ ಪ್ರಶ್ನೆ. ಕೊರಗರ ಡೋಲು ಕೇವಲ ವಾದ್ಯವಾಗಿರಲಿಲ್ಲ; ಕರೆದಾಗ ಬಂದು ಬಾರಿಸಲೇಬೇಕೆಂಬ ಕಟ್ಟಳೆ ಅದಕ್ಕೆ ಅಂಟಿಕೊಂಡಿತ್ತು. ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂದದ್ದು 2000ದಲ್ಲಿ. 'ನಿನಗೆ ಡೋಲು ಬರುತ್ತದಲ್ಲ, ಬಾರಿಸು' ಎಂದು ಕೊರಗ ಮಗುವನ್ನು ಮುಂದೆ ನಿಲ್ಲಿಸುವ ಶಿಕ್ಷಕರು ಸದುದ್ದೇಶದಿಂದಲೇ ಆ ಹಳೆಯ ಕರೆಯನ್ನು ಮರುಕಳಿಸುತ್ತಾರೆ. ಮುಗೇರರ ದುಡಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಇವನ್ನು ಕಲಿಸುವುದಾದರೆ ಎಲ್ಲ ಮಕ್ಕಳೂ ಕಲಿಯಬೇಕು. ಆ ಸಮುದಾಯದ ಹಿರಿಯರು ಗೌರವಧನ ಪಡೆದ ಗುರುಗಳಾಗಿ ಶಾಲೆಗೆ ಬರಬೇಕು. ಶಾಲೆಗಳಲ್ಲಿ ಈಗ ವ್ಯಾಪಕವಾಗಿರುವ 'ಆಟಿಡೊಂಜಿ ದಿನ'ವನ್ನು ಈ ದೃಷ್ಟಿಯಿಂದ ನೋಡಿದರೆ ಕೊರತೆ ಎದ್ದುಕಾಣುತ್ತದೆ. ಮಕ್ಕಳು ಆಟಿ ಕಳೆಂಜನ ವೇಷ ಧರಿಸಿ ಧ್ವನಿಮುದ್ರಿಕೆಗೆ ಕುಣಿಯುತ್ತಾರೆ. ತೆಂಬರೆ ಬಾರಿಸುತ್ತ ಕಳೆಂಜನ ಹಾಡನ್ನು ಹೇಳಬಲ್ಲ ನಲಿಕೆ ಸಮುದಾಯದ ಹೆಂಗಸು ಆಮಂತ್ರಿತರ ಪಟ್ಟಿಯಲ್ಲಿರುವುದು ಅಪರೂಪ. ಸಂಗೀತ ಅವರ ಬಳಿ ಉಳಿದಿದೆ, ಶಾಲೆಗೆ ದಕ್ಕಿದ್ದು ಬಣ್ಣ.

ಈ ಮೂರು ತಾಲೂಕುಗಳ ತರಗತಿಗಳಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳ ಮನೆಮಾತಿನ ಮಕ್ಕಳಿದ್ದಾರೆ. 1964ರ ಒಪ್ಪಂದದಂತೆ ಶ್ರೀಲಂಕಾದಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳು ಕುಟುಂಬಗಳ ಮಕ್ಕಳೂ ಇದ್ದಾರೆ. ಇವರೆಲ್ಲ ಹಾಡನ್ನು ಕಲಿಯುವ ಸ್ಥಳಗಳು ಬೇರೆಯಾಗಿವೆ: ಕೆಲವರಿಗೆ ಭಜನಾ ಮಂದಿರ, ಕೆಲವರಿಗೆ ದಫ್ ತಂಡ, ಕೆಲವರಿಗೆ ಚರ್ಚಿನ ಗಾಯನವೃಂದ, ಇನ್ನು ಕೆಲವರಿಗೆ ಶುಲ್ಕ ಕೊಟ್ಟು ಹೋಗುವ ಶಾಸ್ತ್ರೀಯ ಪಾಠ. ಎಲ್ಲರೂ ಒಟ್ಟಾಗಿ ಹಾಡಬಲ್ಲ ಜಾಗ ಶಾಲೆಯೊಂದೇ ಎಂಬುದರಿಂದ ಅದರ ಸಂಗೀತ ಅವಧಿಗೆ ಬೇರೆಲ್ಲೂ ಇಲ್ಲದ ಬೆಲೆಯಿದೆ. ಸುಳ್ಯದ ಅರೆಭಾಷೆ ಗೌಡರ ಮದುವೆಯ ಸೋಬಾನೆಯನ್ನೂ ಬ್ಯಾರಿ ಮದುವೆಯ ಹಾಡನ್ನೂ ಅಕ್ಕಪಕ್ಕದಲ್ಲಿಟ್ಟು ಕೇಳಿಸಿದರೆ ಎರಡು ಮನೆಗಳ ಸಂಭ್ರಮ ಮಕ್ಕಳಿಗೆ ಒಂದೇ ಅವಧಿಯಲ್ಲಿ ಪರಿಚಯವಾಗುತ್ತದೆ. ಪ್ರತಿಭಾ ಕಾರಂಜಿಯ ಜನಪದ ಗೀತೆ ಸ್ಪರ್ಧೆ ಈ ಕೆಲಸ ಮಾಡಲಾರದು. ಅದು ಒಂದು ಮಗುವನ್ನು ಆರಿಸಿ ತಯಾರು ಮಾಡುವ ಕ್ರಮ. ಬಹುಮಾನ ಬಂದ ಧಾಟಿಯೇ ಮರುವರ್ಷ ಪಕ್ಕದ ಶಾಲೆಯಿಂದಲೂ ಬರುತ್ತದೆ.

ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳ ಜೊತೆಗೆ 2011ರಲ್ಲಿ ಅರೆಭಾಷೆಗೂ ಅಕಾಡೆಮಿ ಬಂದಿದೆ. 2010ರಿಂದ ಶಾಲೆಗಳಲ್ಲಿ ತುಳುವನ್ನು ಐಚ್ಛಿಕ ಭಾಷೆಯಾಗಿ ಕಲಿಯುವ ಅವಕಾಶವೂ ಇದೆ. ಆದುದರಿಂದ ಪ್ರಕಟಣೆಯ ವ್ಯವಸ್ಥೆ ಇಲ್ಲವೆನ್ನುವಂತಿಲ್ಲ. ಮತ್ತೊಂದು ಬೃಹತ್ ಸಂಕಲನಕ್ಕಿಂತ ಹಾಡಿಗೊಂದು ಹಾಳೆ ಹೆಚ್ಚು ಉಪಯುಕ್ತ. ಅದರಲ್ಲಿ ಸಾಲುಗಳು, ಸರಳ ಸ್ವರಲಿಪಿ, ತಾಳದ ಎಣಿಕೆ ಇರಬೇಕು. ಹಾಡುವ ಸಂದರ್ಭ, ಹಾಡಿದವರ ಹೆಸರು ಮತ್ತು ಒಪ್ಪಿಗೆ, ತರಗತಿಗೆ ತರಬಹುದೇ ಬಾರದೇ ಎಂಬ ಬಗ್ಗೆ ಅವರದೇ ಮಾತು ಇರಬೇಕು. ಸ್ವರಲಿಪಿ ಓದಲಾರದ ಶಿಕ್ಷಕರಿಗಾಗಿ ಧ್ವನಿಮುದ್ರಣ ಜೊತೆಯಲ್ಲಿರಬೇಕು. ಮೊಬೈಲ್ ಫೋನಿನ ಕಾಲದಲ್ಲಿ ಇದಕ್ಕೆ ಸ್ಟುಡಿಯೋ ಬೇಕಾಗಿಲ್ಲ. ಐದನೆಯ ತರಗತಿಯ ಮಕ್ಕಳೇ ಅಜ್ಜಿಯಂದಿರ ಬಳಿ ಕುಳಿತು ಈ ದಾಖಲಾತಿಯನ್ನು ಆರಂಭಿಸಬಹುದು. ಗದ್ದೆಗಳು ಅಡಕೆ, ರಬ್ಬರ್ ತೋಟಗಳಾದ ಊರುಗಳಲ್ಲಿ ನಾಟಿಯ ಕಬಿತವನ್ನು ಕೆಸರಲ್ಲಿ ನಿಂತು ಹಾಡಿದ ಕೊನೆಯ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ.